ಸೂರ್ಯನಿಗೆ ಸೇರಬೇಕಾದ ಕಣ್ಣು

ಅಪ್ಪ ತೀರಿಕೊಂಡದ್ದು ಮಾಘ ಮಾಸದ ಒಂದು ಬೆಳಗಿನ ಜಾವ, ಶಿವಮೊಗ್ಗದ ನಮ್ಮ ಮನೆಯಲ್ಲಿ, ತಮ್ಮದೇ ಹಾಸಿಗೆಯ ಮೇಲೆ. ಎಂಬತ್ತೊಂದು ತುಂಬಿತ್ತು. ನೇತ್ರದಾನಕ್ಕೆ ಒಪ್ಪಿ ಅವರು ಸಹಿ ಮಾಡಿದ್ದ ಚೀಟಿ ಹಳೆಯ ಪಂಚಾಂಗವೊಂದರ ನಡುವೆ ಇದೆಯೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತಾದರೂ, ಆ ಹೊತ್ತಿನಲ್ಲಿ ಅದನ್ನು ನೆನಪಿಸಿದವರು ಅಮ್ಮ. ನೇತ್ರ ಬ್ಯಾಂಕಿಗೆ ಫೋನ್ ಮಾಡಿದಾಗ, ಆಗಷ್ಟೇ ನಿದ್ದೆಯಿಂದೆದ್ದ ದನಿಯ ಹುಡುಗನೊಬ್ಬ ನಾಲ್ಕು ಮಾತನ್ನು ಸ್ಪಷ್ಟವಾಗಿ ಹೇಳಿದ: ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಿ. ಆರು ಗಂಟೆಯೊಳಗೆ ಕೆಲಸ ಮುಗಿಯಬೇಕು, ಈಗಲೇ ಹೊರಡುತ್ತೇವೆ ಎಂದ.

ಮೊದಲ ಮೂರಕ್ಕೆ ಯಾರ ತಕರಾರೂ ಇರಲಿಲ್ಲ. ದಿಂಬಿನ ಮಾತು ಬಂದಾಗ ದೊಡ್ಡಮ್ಮ ತಡೆದರು. ಅಷ್ಟರಲ್ಲಿ ಅಪ್ಪನನ್ನು ಕೆಳಗಿಳಿಸಿ, ದರ್ಭೆ ಹರಡಿದ ನೆಲದ ಮೇಲೆ ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿ, ತಲೆಯ ಬಳಿ ದೀಪ ಹಚ್ಚಿ ಆಗಿತ್ತು. “ನೆಲಕ್ಕಿಳಿಸಿದ ಮೇಲೆ ದಿಂಬು ಎಲ್ಲಿಯದು?” ಎಂಬುದು ಅವರ ಪ್ರಶ್ನೆ. ಅಮ್ಮ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಅಪ್ಪನ ದಿಂಬನ್ನೇ ತಂದು, ಗವಸು ತೆಗೆದು, ಒಂದು ಮಡಿಪಂಚೆಯನ್ನು ಸುತ್ತಿ ತಲೆಯ ಕೆಳಗೆ ಇಟ್ಟರು. ಅಂಗಾಂಗದಾನದ ಬಗ್ಗೆ ಧರ್ಮ ಏನು ಹೇಳುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಮಡಿಪಂಚೆ ಸುತ್ತಿದ ಆ ದಿಂಬು.

ನೇತ್ರ ಬ್ಯಾಂಕಿನಿಂದ ಇಬ್ಬರು ಬಂದರು. ಒಂದು ಚೀಲ, ಒಂದು ಸಣ್ಣ ಐಸ್ ಪೆಟ್ಟಿಗೆ, ಇಪ್ಪತ್ತು ನಿಮಿಷದ ಕೆಲಸ. ಅವರು ಹೊರಬಂದ ಮೇಲೆ ಅಮ್ಮ ಬಗ್ಗಿ ನೋಡಿದರು. ಮುಚ್ಚಿದ ರೆಪ್ಪೆಗಳು ಮೊದಲಿದ್ದ ಹಾಗೆಯೇ ಇದ್ದವು. ಅಷ್ಟು ಹೊತ್ತಿಗೆ ಪುರೋಹಿತರಾದ ಭಟ್ಟರೂ ಬಂದಿದ್ದರು. ಪೆಟ್ಟಿಗೆ ಹಿಡಿದು ಹೊರಟವರನ್ನು ಜಗಲಿಯಲ್ಲಿ ಎದುರುಗೊಂಡ ಅವರು ವಿಷಯ ತಿಳಿದು ಒಂದು ಕ್ಷಣ ಸುಮ್ಮನಾದರು. ನಂತರ ನನ್ನನ್ನು ಪಕ್ಕಕ್ಕೆ ಕರೆದು, “ಸಂಸ್ಕಾರದಲ್ಲಿ ‘ಸೂರ್ಯಂ ಚಕ್ಷುರ್ಗಚ್ಛತು ವಾತಮಾತ್ಮಾ’ ಅಂತ ಹೇಳಬೇಕಾಗ್ತದೆ. ಕಣ್ಣು ಸೂರ್ಯನಿಗೆ ಹೋಗಲಿ, ಉಸಿರು ಗಾಳಿಗೆ ಹೋಗಲಿ ಅಂತ ಅದರ ಅರ್ಥ. ಕಣ್ಣೇ ಇಲ್ಲದಿದ್ದರೆ ಯಾವುದನ್ನು ಕಳಿಸಲಿ, ನೀವೇ ಹೇಳಿ” ಎಂದರು.

ಅದು ಋಗ್ವೇದದ ಹತ್ತನೆಯ ಮಂಡಲದ 16ನೆಯ ಸೂಕ್ತದ ಮಂತ್ರ. ಸತ್ತವನ ಒಂದೊಂದು ಅಂಶವನ್ನೂ ಅದು ಬಂದ ಮೂಲಕ್ಕೆ ಹಿಂದಿರುಗಿಸುವ ಆ ಸಾಲು ಎಷ್ಟೋ ಸಾವುಗಳಲ್ಲಿ ನನ್ನ ಕಿವಿಯ ಮೇಲೆ ಬಿದ್ದಿದ್ದರೂ, ಅದರಲ್ಲಿ ಕಣ್ಣಿನ ಮಾತಿದೆ ಎಂಬುದನ್ನು ನಾನು ಗಮನಿಸಿರಲಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ. ಭಟ್ಟರು ಜಗಲಿಯ ಕಂಬಕ್ಕೆ ಒರಗಿ ಕೂತರು. ಐದು ನಿಮಿಷವಾಗಿರಬಹುದು. ಎದ್ದು ಪಂಚೆ ಕೊಡವಿಕೊಂಡು, “ಇಂದ್ರಿಯ ಬೇರೆ, ಗೋಲಕ ಬೇರೆ. ಮಂತ್ರ ಕಳಿಸೋದು ಇಂದ್ರಿಯವನ್ನು. ಪೆಟ್ಟಿಗೆಯಲ್ಲಿ ಹೋಗಿದ್ದು ಗೋಲಕ. ನಡೀರಿ, ಹೊತ್ತಾಗ್ತದೆ” ಎಂದರು.

ಇದು ಭಟ್ಟರು ಆ ಕ್ಷಣಕ್ಕೆ ಹೊಸೆದ ಉಪಾಯವಲ್ಲ. ನೋಡುವ ಶಕ್ತಿ ಒಂದು, ಆ ಶಕ್ತಿಗೆ ಆಸರೆಯಾದ ಮಾಂಸದ ಗೂಡು ಇನ್ನೊಂದು ಎಂಬ ಭೇದವನ್ನು ನಮ್ಮ ದರ್ಶನಗಳು ಬಹು ಹಿಂದೆಯೇ ಮಾಡಿವೆ. ದೇಹ ಬಿದ್ದಾಗ ಇಂದ್ರಿಯಗಳು ಸೂಕ್ಷ್ಮಶರೀರದೊಂದಿಗೆ ಹೊರಟುಹೋಗುತ್ತವೆ, ಗೋಲಕ ಇಲ್ಲಿಯೇ ಉಳಿಯುತ್ತದೆ ಎನ್ನುವುದು ಪುನರ್ಜನ್ಮವನ್ನು ನಂಬುವವರ ಸಾಮಾನ್ಯ ಪಾಠ. ಈ ಜನ್ಮದಲ್ಲಿ ಕಣ್ಣು ಕೊಟ್ಟವನು ಮುಂದಿನ ಜನ್ಮದಲ್ಲಿ ಕುರುಡನಾಗಿ ಹುಟ್ಟುತ್ತಾನೆ ಎಂಬ ಭಯ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ, ಬಾಯಿಬಿಟ್ಟು ಹೇಳಿಕೊಳ್ಳದ ವಿದ್ಯಾವಂತರಲ್ಲೂ ಇದೆ. ಆ ಭಯಕ್ಕೆ ವೈದ್ಯರು ಕೊಡುವ ಉತ್ತರ, “ಹೇಗೂ ಸುಟ್ಟು ಬೂದಿಯಾಗುವುದಲ್ಲ” ಎಂಬುದು. ವಾದದಲ್ಲಿ ಅದು ಗೆಲ್ಲುತ್ತದೆ, ಆದರೆ ಯಾರನ್ನೂ ಒಪ್ಪಿಸುವುದಿಲ್ಲ. ಚಿತೆಗೆ ಕೊಡುವುದನ್ನು ನಾವು ನಾಶವೆಂದು ಎಣಿಸಿಲ್ಲ. ಅದು ಅಗ್ನಿಗೆ ಒಪ್ಪಿಸುವ ಕೊನೆಯ ಆಹುತಿ, ಆಹುತಿಯಲ್ಲಿ ಊನ ಇರಬಾರದು ಎಂಬ ಭಾವನೆಯೇ ಅಡ್ಡ ಬರುವುದು. ಗೋಲಕದ ಮಾತು ಆ ಭಾವನೆಯೊಳಗಿನಿಂದಲೇ ಬಂದದ್ದರಿಂದ ದೊಡ್ಡಮ್ಮನೂ ಮುಂದೆ ಚಕಾರವೆತ್ತಲಿಲ್ಲ.

ನೇತ್ರದಾನದ ಶಿಬಿರಗಳಲ್ಲಿ ಇಂಥ ಮಾತು ನನ್ನ ಕಿವಿಗೆ ಬಿದ್ದಿಲ್ಲ. ಅಲ್ಲಿ ಕೇಳುವುದು ದಧೀಚಿ, ಶಿಬಿ ಮತ್ತು ಬೇಡರ ಕಣ್ಣಪ್ಪ. ವಜ್ರಾಯುಧಕ್ಕಾಗಿ ಬೆನ್ನೆಲುಬನ್ನು ಕೊಟ್ಟ ಋಷಿ, ಪಾರಿವಾಳದ ತೂಕಕ್ಕೆ ತೊಡೆಯ ಮಾಂಸವನ್ನು ಕೊಯ್ದುಕೊಟ್ಟ ದೊರೆ, ಲಿಂಗದ ಕಣ್ಣಿನಲ್ಲಿ ನೆತ್ತರು ಕಂಡು ತನ್ನ ಕಣ್ಣನ್ನು ಕಿತ್ತಿಟ್ಟ ಬೇಡ. ವೇದಿಕೆಯ ಮೇಲೆ ಈ ಮೂವರು ಬಾರದೆ ಭಾಷಣ ಮುಗಿಯುವುದಿಲ್ಲ. ಕಥೆಗಳ ಮೇಲೆ ನನಗೆ ಗೌರವವಿದೆ, ಆದರೆ ಅವುಗಳನ್ನು ಇಲ್ಲಿ ಸಾಕ್ಷಿಗೆ ಕರೆಯುವುದು ಸರಿಹೊಂದುವುದಿಲ್ಲ. ಆ ಮೂವರೂ ಕೊಟ್ಟದ್ದು ತಮ್ಮದನ್ನು, ತಾವು ಬದುಕಿದ್ದಾಗ, ತಾವೇ ನಿರ್ಧರಿಸಿ. ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತ ತಂದೆಯನ್ನು ಕೇಳುವುದು ಅವನದನ್ನಲ್ಲ, ಮಗನದನ್ನು. ಮಗನ ಪರವಾಗಿ ದಧೀಚಿಯಾಗಲು ಅವನಿಗೆ ಹಕ್ಕಿದೆಯೇ ಎಂಬ ಪ್ರಶ್ನೆಗೆ ಪುರಾಣದಲ್ಲಿ ಉತ್ತರ ಸಿಗದು. ಕಣ್ಣಪ್ಪನ ಕಥೆಯಲ್ಲಂತೂ ಎರಡನೆಯ ಕಣ್ಣಿಗೆ ಕೈಹಾಕುವಷ್ಟರಲ್ಲಿ ಶಿವನೇ ಬಂದು ತಡೆಯುತ್ತಾನೆ.

ಹಾಗಿದ್ದೂ ನಮ್ಮ ನಾಡಿನಲ್ಲಿ ಕಣ್ಣಪ್ಪನಿಗೂ ನೇತ್ರದಾನಕ್ಕೂ ಬೇರೊಂದು ದಾರಿಯಿಂದ ನಂಟು ಕೂಡಿಬಂದಿದೆ. 1954ರಲ್ಲಿ ಕಣ್ಣಪ್ಪನ ಪಾತ್ರದಿಂದಲೇ ನಾಯಕನಟರಾದ ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2017ರಲ್ಲಿ ಪಾರ್ವತಮ್ಮನವರದೂ ಆಯಿತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಒಂದೊಂದನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಆಮೇಲೆ ಹೆಸರು ಬರೆಸಲು ಜನ ಸಾಲುಗಟ್ಟಿದ್ದು ಎಲ್ಲರಿಗೂ ನೆನಪಿರಬೇಕು. ಅವರಲ್ಲಿ ಯಾರೂ ಶಾಸ್ತ್ರವನ್ನು ಕೇಳಿಕೊಂಡು ಬಂದವರಲ್ಲ. ತಾವು ಪ್ರೀತಿಸುವ ಮನೆಯಲ್ಲಿ ಮೂರು ಬಾರಿ ನಡೆದದ್ದು ಅವರಿಗೆ ಸಂಪ್ರದಾಯವಾಗಿ ಕಂಡಿತು. ನಮ್ಮಲ್ಲಿ ಆಚಾರ ಹುಟ್ಟುವುದು ಬಹುಮಟ್ಟಿಗೆ ಹೀಗೆಯೇ.

ಶಿಬಿಯ ವಿಷಯದಲ್ಲಿ ಶ್ರೀಲಂಕಾದವರು ನಮಗಿಂತ ಪುಣ್ಯವಂತರು. ಬೌದ್ಧರ ಜಾತಕ ಕಥೆಯಲ್ಲಿ ಶಿಬಿ ಕೊಡುವುದು ತೊಡೆಯ ಮಾಂಸವನ್ನಲ್ಲ, ಕಣ್ಣನ್ನು. ಅದೂ ಕುರುಡ ಬ್ರಾಹ್ಮಣನೊಬ್ಬನಿಗೆ. ದೊರೆ ತಾನೇ ಕಿತ್ತುಕೊಳ್ಳುವುದಿಲ್ಲ, ವೈದ್ಯನನ್ನು ಕರೆಸುತ್ತಾನೆ. ಆ ವೈದ್ಯ ನೋವಿನ ಒಂದೊಂದು ಹಂತದಲ್ಲೂ ನಿಂತು, ಈಗಲೂ ಬೇಡವೆನ್ನಬಹುದು ಎಂದು ದೊರೆಗೆ ಹೇಳುತ್ತಾನೆ. ತೆಗೆದ ಕಣ್ಣು ಬ್ರಾಹ್ಮಣನ ಗುಳಿಯಲ್ಲಿ ಕೂತು ಕಾಣತೊಡಗುತ್ತದೆ. ವೈದ್ಯನೂ ಇದ್ದಾನೆ, ಒಪ್ಪಿಗೆಯೂ ಇದೆ, ಕಸಿಯೂ ಇದೆ. 1961ರಲ್ಲಿ ಡಾ. ಹಡ್ಸನ್ ಸಿಲ್ವ ಅವರು ಅಲ್ಲಿ ನೇತ್ರದಾನ ಸಂಘವನ್ನು ಕಟ್ಟಿದಾಗ ಈ ಕಥೆಯನ್ನು ಜನರಿಗೆ ಹೊಸದಾಗಿ ಹೇಳಬೇಕಾಗಿರಲಿಲ್ಲ. ಬೋಧಿಸತ್ವ ಸಾಧಿಸಬೇಕಾದ ಪಾರಮಿತೆಗಳಲ್ಲಿ ದಾನವೇ ಮೊದಲನೆಯದು ಎಂದು ಬಾಲ್ಯದಿಂದ ಕೇಳುತ್ತಾ ಬಂದ ಆ ಪುಟ್ಟ ದೇಶ ತನ್ನ ಅಗತ್ಯ ತೀರಿಸಿಕೊಂಡು ಹೊರದೇಶಗಳಿಗೂ ಕಾರ್ನಿಯಾ ಕಳುಹಿಸುವಂತಾಯಿತು.

ಇಷ್ಟನ್ನು ಓದಿದವರಿಗೆ ಅಪ್ಪ ದಾನದ ವಿಷಯದಲ್ಲಿ ಮೊದಲಿನಿಂದಲೂ ಉದಾರಿ ಎಂದು ಅನ್ನಿಸಬಹುದು. ಹಾಗಿರಲಿಲ್ಲ. ತಮ್ಮ ಸಾವಿಗೆ ಆರು ವರ್ಷ ಮೊದಲು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಮ್ಮ ಮನೆತನದ ಪರವಾಗಿ “ಬೇಡ” ಎಂದವರು ಅವರೇ.

ಚಿಕ್ಕಪ್ಪನ ಮಗನಿಗೆ ಇಪ್ಪತ್ತಾರು ವರ್ಷ. ದಶಮಿಯ ರಾತ್ರಿ ತುಮಕೂರು ರಸ್ತೆಯಲ್ಲಿ ಬೈಕ್ ಅಪಘಾತವಾಗಿ ತಲೆಗೆ ಪೆಟ್ಟು ಬಿದ್ದಿತು. ಎರಡು ದಿನ “ಪರಿಸ್ಥಿತಿ ಗಂಭೀರ” ಎನ್ನುತ್ತಿದ್ದವರು ದ್ವಾದಶಿಯ ಮಧ್ಯಾಹ್ನ ನಮ್ಮನ್ನು ಒಂದು ಸಣ್ಣ ಕೋಣೆಗೆ ಕರೆದು ಮೆದುಳು ನಿಷ್ಕ್ರಿಯವಾಗಿದೆ ಎಂದರು. ಬೆಳಿಗ್ಗೆ ಬಿಲ್ಲಿನ ಬಾಕಿಯ ಬಗ್ಗೆ ಮಾತಾಡಿದ್ದ ವ್ಯಕ್ತಿಯೇ ಸಂಜೆ ಅಂಗಾಂಗದಾನದ ಬಗ್ಗೆಯೂ ಮಾತಾಡಿದರು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ದುರುದ್ದೇಶವಿತ್ತು ಎನ್ನಲಾರೆ, ಔಚಿತ್ಯವಿರಲಿಲ್ಲ. ಚಿಕ್ಕಪ್ಪ ಏನೂ ಹೇಳಲಾರದೆ ಹಿರಿಯಣ್ಣನ ಮುಖ ನೋಡಿದರು. ಅಪ್ಪ ಗಾಜಿನಾಚೆ ನೋಡಿದರು. ಎದೆ ಏರಿಳಿಯುತ್ತಿತ್ತು, ಪರದೆಯ ಮೇಲೆ ಹಸಿರು ಗೆರೆ ಓಡುತ್ತಿತ್ತು. ಒಳಗೆ ಹೋಗಿ ಮುಟ್ಟಿ ಬಂದಿದ್ದ ಚಿಕ್ಕಮ್ಮ ಕೈ ಬೆಚ್ಚಗಿದೆ ಎಂದಿದ್ದರು. “ಉಸಿರಾಡ್ತಿರೋನನ್ನು ಕೊಡೋದಕ್ಕೆ ನಾವ್ಯಾರು? ನಮ್ಮ ಧರ್ಮದಲ್ಲಿ ಇಲ್ಲ” ಎಂದರು ಅಪ್ಪ. ಮಾತು ಅಲ್ಲಿಗೆ ಮುಗಿಯಿತು. ತ್ರಯೋದಶಿಯ ಸಂಜೆ ಹೃದಯ ತಾನಾಗಿ ನಿಂತಿತು.

ಧರ್ಮದಲ್ಲಿ ಇಲ್ಲ ಎಂದು ಅವರು ಹೇಳಿದ್ದು ಕೊಡುವುದನ್ನಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಅವರ ಧರ್ಮದಲ್ಲಿ ಇರದಿದ್ದುದು ಆ ಬಗೆಯ ಸಾವು. ಸಾಯುವವನ ಬಾಯಿಗೆ ತುಳಸಿ ಸೋಕಿಸಿದ ಗಂಗಾಜಲ ಬಿಡಬೇಕು. ಕೊಳವೆ ಹಾಕಿದ ಬಾಯಿಗೆ ಯಾವಾಗ ಬಿಡುವುದು? ತಿಥಿಯ ಪ್ರಕಾರ ವರ್ಷವರ್ಷ ಶ್ರಾದ್ಧ ಮಾಡಬೇಕು; ಅಪಘಾತದ ದಶಮಿಯೋ, ವೈದ್ಯರು ಹೇಳಿದ ದ್ವಾದಶಿಯೋ, ಗೆರೆ ನೆಟ್ಟಗಾದ ತ್ರಯೋದಶಿಯೋ? ಚಿಕ್ಕಪ್ಪನ ಮನೆಯಲ್ಲಿ ತ್ರಯೋದಶಿಗೆ ಮಾಡುತ್ತಾರೆ. ಮೂರನೆಯ ವರ್ಷದ ಶ್ರಾದ್ಧದ ಊಟ ಮುಗಿಸಿ ಕೈತೊಳೆಯುವಾಗ ಅಪ್ಪ ನನ್ನ ಬಳಿ, “ನಾವು ತಿಥಿ ಮಾಡ್ತಿರೋದು ಹುಡುಗ ಹೋದ ದಿನಕ್ಕಲ್ಲ, ಯಂತ್ರ ಸೋತ ದಿನಕ್ಕೆ” ಎಂದರು. ನೇತ್ರದಾನದ ಚೀಟಿಗೆ ಅವರು ಸಹಿ ಮಾಡಿದ್ದು ಅದಾದ ಕೆಲವೇ ತಿಂಗಳಲ್ಲಿ. ಕಣ್ಣಿಗೆ ಮಾತ್ರ ಮಾಡಿದರು, ಉಳಿದ ಅಂಗಗಳಿಗೆ ಮಾಡಲಿಲ್ಲ. ಕಣ್ಣನ್ನು ಹೃದಯ ನಿಂತ ಮೇಲೆ ತೆಗೆಯುತ್ತಾರೆ, ಹಾಗಾಗಿ ಅದಕ್ಕೆ ಅವರ ಧರ್ಮ ಒಪ್ಪಿತು. ಕೊನೆಯವರೆಗೂ ಅವರು ತಮ್ಮ ಮಾತನ್ನು ಬದಲಿಸಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ಬೇರೆ ಬೇರೆ ಮತಗಳ ನಿಲುವುಗಳನ್ನು ಕುತೂಹಲದಿಂದ ಓದುತ್ತಾ ಹೋದಾಗ ಅಪ್ಪನ ತೊಡಕೇ ಎಲ್ಲ ಕಡೆಯೂ ಕಂಡಿತು. ಕೊಡಬಹುದೇ ಎಂಬ ಪ್ರಶ್ನೆಗೆ ಹೆಚ್ಚಿನವರು ಹೌದು ಎಂದೇ ಹೇಳಿದ್ದಾರೆ. ಜಗಳವಿರುವುದು ಸತ್ತದ್ದು ಯಾವಾಗ ಎಂಬುದರಲ್ಲಿ. ಹನ್ನೆರಡನೆಯ ಪೋಪ್ ಪಯಸ್ 1957ರಲ್ಲಿಯೇ ಸಾವಿನ ಕ್ಷಣವನ್ನು ನಿಶ್ಚಯಿಸುವುದು ವೈದ್ಯರ ಕೆಲಸ, ಚರ್ಚಿನದಲ್ಲ ಎಂದು ಜಾಣತನದಿಂದ ದಾರಿ ಬಿಟ್ಟರು. ಎರಡನೆಯ ಜಾನ್ ಪಾಲ್ 2000ದ ಆಗಸ್ಟಿನಲ್ಲಿ ರೋಮಿನಲ್ಲಿ ಸೇರಿದ್ದ ಕಸಿ ತಜ್ಞರ ಮುಂದೆ ಮಿದುಳಿನ ಸಾವನ್ನು ಸಾವಿನ ಗುರುತಾಗಿ ಒಪ್ಪಿಕೊಂಡರು. ಯೆಹೂದಿಗಳಲ್ಲಿ ಒಂದು ಜೀವ ಉಳಿಸಲು ವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ನಿಯಮವನ್ನೂ ಮುರಿಯಬಹುದು, ಆದರೆ ಬದುಕಿರುವವನಿಂದ ಅಂಗ ತೆಗೆದರೆ ಅದು ಕೊಲೆ. ಆದ್ದರಿಂದ ಅವರ ಧರ್ಮಗುರುಗಳಾದ ರಬ್ಬಿಗಳು ಹೃದಯ ನಿಂತದ್ದೇ ಸಾವು ಎನ್ನುವವರು, ಉಸಿರು ನಿಂತದ್ದೇ ಸಾವು ಎನ್ನುವವರು ಎಂದು ಎರಡು ಬಣವಾದರು. 1986ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿ ಪೀಠ ಹೃದಯ ಕಸಿಗೆ ಒಪ್ಪಿದ್ದು ಎರಡನೆಯ ವಾದದ ಆಧಾರದ ಮೇಲೆ: ತಾನಾಗಿ ಉಸಿರಾಡುವ ಶಕ್ತಿ ಮತ್ತೆ ಬಾರದಂತೆ ಹೋಗಿದ್ದರೆ ಅವನು ಸತ್ತವನೇ.

ಉಸಿರಿನ ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. 1994ರ ನಮ್ಮ ಕಾನೂನಿನ ಪ್ರಕಾರ ಮಿದುಳುಕಾಂಡದ ಸಾವನ್ನು ನಾಲ್ವರು ವೈದ್ಯರ ಮಂಡಳಿ ಎರಡು ಬಾರಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಪರೀಕ್ಷಿಸಿ ದೃಢೀಕರಿಸಬೇಕು. ಆ ಪರೀಕ್ಷೆಗಳ ಕೊನೆಯದಕ್ಕೆ ಆಪ್ನಿಯಾ ಪರೀಕ್ಷೆ ಎಂದು ಹೆಸರು. ರೋಗಿಗೆ ಆಮ್ಲಜನಕ ಸಿಗುವಂತೆ ನೋಡಿಕೊಂಡು ವೆಂಟಿಲೇಟರನ್ನು ಬಿಡಿಸುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಬದುಕಿರುವ ಮಿದುಳುಕಾಂಡ ಆ ಏರಿಕೆಯನ್ನು ಸಹಿಸದೆ ಒಂದು ಉಸಿರನ್ನಾದರೂ ಎಳೆಸಿಯೇ ತೀರುತ್ತದೆ. ವೈದ್ಯರು ಎದೆಯನ್ನೂ ಹೊಟ್ಟೆಯನ್ನೂ ನಿಮಿಷಗಟ್ಟಲೆ ನೋಡುತ್ತಾ ನಿಲ್ಲುತ್ತಾರೆ. ಏನೂ ಅಲುಗಾಡುವುದಿಲ್ಲ. ನಮ್ಮ ಅಜ್ಜಿಯಂದಿರು ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದರಲ್ಲ, ಇದೂ ಅದೇ ಪರೀಕ್ಷೆ, ಇನ್ನಷ್ಟು ಕಟ್ಟುನಿಟ್ಟಾಗಿ ಮಾಡಿದ್ದು. ಕನ್ನಡದಲ್ಲಿ ಸಾಯುವುದೆಂದರೆ ಉಸಿರು ನಿಲ್ಲುವುದು, ಪ್ರಾಣ ಹೋಗುವುದು. ಮಿದುಳಿನ ಹೆಸರಿನಲ್ಲಿ ಯಾರೂ ಸತ್ತದ್ದನ್ನು ನಮ್ಮ ಭಾಷೆ ಕೇಳಿಲ್ಲ. ಚಿಕ್ಕಪ್ಪನನ್ನೂ ಅಪ್ಪನನ್ನೂ ಆ ಎಂಟು ಹತ್ತು ನಿಮಿಷ ಒಳಗೆ ನಿಲ್ಲಿಸಿ, ಯಂತ್ರ ಬಿಡಿಸಿದಾಗ ಆ ಎದೆ ಏಳದೇ ಇರುವುದನ್ನು ತೋರಿಸಿದ್ದರೆ ಅಪ್ಪ ಏನನ್ನುತ್ತಿದ್ದರೋ ನಾನು ಊಹಿಸಬಲ್ಲೆ. ಅವರನ್ನು ಯಾರೂ ಕರೆಯಲಿಲ್ಲ. ಆ ಪರೀಕ್ಷೆಯ ಹೆಸರನ್ನು ಕೂಡ ಹೇಳಲಿಲ್ಲ.

“ಮೆದುಳು ನಿಷ್ಕ್ರಿಯ” ಎಂಬ ಪದದ ಮೇಲೆಯೂ ನನಗೆ ಕೋಪವಿದೆ. ಪತ್ರಿಕೆಗಳು ಬಳಸಿ ಬಳಸಿ ಅದನ್ನು ರೂಢಿಗೆ ತಂದಿವೆ. ನಿಷ್ಕ್ರಿಯವಾಗುವುದು ಮೊಬೈಲ್ ಸಿಮ್ಮು, ಬ್ಯಾಂಕಿನ ಖಾತೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದ ನನಗೆ ನಿಷ್ಕ್ರಿಯ ಖಾತೆ ಎಂದರೆ ಒಂದು ಅರ್ಜಿ ಕೊಟ್ಟರೆ ಮತ್ತೆ ನಡೆಯುವ ಖಾತೆ. ತಾಯಿಯೊಬ್ಬಳು ಆ ಪದ ಕೇಳಿ ಅರ್ಜಿ ಹಿಡಿದು ದೇವರ ಬಳಿ ಓಡಿದರೆ ತಪ್ಪು ಅವಳದಲ್ಲ. ಸತ್ತಿದ್ದಾನೆ ಎನ್ನಬೇಕಾದಲ್ಲಿ ಸತ್ತಿದ್ದಾನೆ ಎಂದೇ ಹೇಳಬೇಕು.

ಮುಸ್ಲಿಮರ ವಿಷಯವನ್ನು ನಾನು ಹೆಚ್ಚು ತಿಳಿದದ್ದು ಬ್ಯಾಂಕಿನ ಸಹೋದ್ಯೋಗಿಯೊಬ್ಬರಿಂದ. ಇಸ್ಲಾಮೀ ರಾಷ್ಟ್ರಗಳ ಒಕ್ಕೂಟದ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ 1986ರಲ್ಲಿ ಅಮ್ಮಾನಿನಲ್ಲಿ ಸೇರಿ ಮಿದುಳಿನ ಸಾವನ್ನು ಒಪ್ಪಿತು, 1988ರಲ್ಲಿ ಜಿದ್ದಾದಲ್ಲಿ ಸೇರಿ, ಮಾರಾಟ ಕೂಡದು, ಸತ್ತವನ ಅಥವಾ ವಾರಸುದಾರರ ಒಪ್ಪಿಗೆ ಬೇಕು ಎಂಬ ಷರತ್ತುಗಳೊಡನೆ ಕಸಿಗೆ ಅನುಮತಿ ಕೊಟ್ಟಿತು. ಒಂದು ಜೀವವನ್ನು ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎಂಬ ಕುರ್‌ಆನಿನ ಮಾತು ಆ ಪಕ್ಷದವರ ಆಧಾರ. ಆದರೆ ಭಾರತ ಉಪಖಂಡದ, ಅದರಲ್ಲೂ ದೇವಬಂದ್ ಪರಂಪರೆಯ ಹಲವು ಉಲೆಮಾಗಳು (ಧರ್ಮಪಂಡಿತರು) ಒಪ್ಪಿಲ್ಲ. ದೇಹ ಮನುಷ್ಯನ ಸೊತ್ತಲ್ಲ, ಅಲ್ಲಾಹನ ಅಮಾನತು. ಇಟ್ಟುಕೊಳ್ಳಲು ಕೊಟ್ಟದ್ದನ್ನು ದಾನ ಮಾಡುವ ಅಧಿಕಾರ ಇಟ್ಟುಕೊಂಡವನಿಗಿಲ್ಲ ಎಂಬುದು ಅವರ ವಾದ. ಬ್ಯಾಂಕಿನವನಾದ ನನಗೆ ಇದು ತಕ್ಷಣ ಅರ್ಥವಾಯಿತು. ಸತ್ತವನ ಮೂಳೆ ಮುರಿಯುವುದು ಬದುಕಿದವನ ಮೂಳೆ ಮುರಿದಂತೆ ಎಂಬ ಹದೀಸೂ ಇದೆ. ಸಹೋದ್ಯೋಗಿ ಹೇಳಿದ್ದು ಇದಕ್ಕಿಂತ ಸಣ್ಣ ಸಂಗತಿ, ಆದರೆ ನನಗೆ ಉಳಿದದ್ದು ಅದೇ: “ನಮ್ಮಲ್ಲಿ ಸತ್ತವರಿಗೆ ಗುಸ್ಲ್, ಅಂದ್ರೆ ಸ್ನಾನ, ಮಾಡಿಸುವಾಗ ನೀರು ಜಾಸ್ತಿ ಬಿಸಿ ಇರಬಾರದು ಸಾರ್, ಮೈಯನ್ನ ಒತ್ತಿ ಉಜ್ಜೋದಿಲ್ಲ. ಮಯ್ಯತ್‌ಗೆ ನೋವಾಗುತ್ತೆ ಅಂತ ನಮ್ಮ ದಾದಿ, ಅಂದ್ರೆ ಅಜ್ಜಿ, ಹೇಳೋರು. ಅಂಥ ಮನೇಲಿ ಹೊಲಿಗೆ ಹಾಕಿದ ಮೈ ಬಂದ್ರೆ ಹೇಗೆ?” ಫತ್ವಾ ಯಾವ ಕಡೆಗಾದರೂ ಇರಲಿ, ದಾದಿಗೆ ಬೇಕಾದ ಉತ್ತರ ಹೊಲಿಗೆಯದು, ನೀರಿನದು, ಜನಾಜಾ (ಶವಸಂಸ್ಕಾರ) ತಡವಾಗದಿರುವುದರದು. ಸಿಂಗಪುರದಲ್ಲಿ 1987ರ ಕಾನೂನು ಬೇಡವೆಂದು ಬರೆದುಕೊಡದ ಎಲ್ಲರನ್ನೂ ದಾನಿಗಳೆಂದು ಎಣಿಸಿದಾಗಲೂ ಮುಸ್ಲಿಮರನ್ನು ಹೊರಗಿಟ್ಟಿತ್ತು. ಅವರನ್ನು ಒಳಗೆ ತಂದದ್ದು 2008ರಲ್ಲಿ. ಎರಡು ದಶಕ ಕಾಯುವಷ್ಟು ವ್ಯವಧಾನ ಅಲ್ಲಿತ್ತು.

ಲಿಂಗಾಯತ ಗೆಳೆಯರ ಮನೆಗಳಲ್ಲಿ ತೊಡಕು ಕಡಿಮೆ ಎಂದು ನಾನು ಭಾವಿಸಿದ್ದೆ. ಸಾವು ಅಲ್ಲಿ ಲಿಂಗೈಕ್ಯ. ಸೂತಕವನ್ನು ಶರಣರು ಒಪ್ಪಿದವರಲ್ಲ. ಆದರೆ ಹಾವೇರಿಯ ಕಡೆಯ ಗೆಳೆಯನೊಬ್ಬನ ತಾಯಿಯ ವಿಷಯದಲ್ಲಿ ಎದುರಾದದ್ದು ಬೇರೆಯೇ. ದೇಹವನ್ನು ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಸಮಾಧಿ ಮಾಡುವ ಪದ್ಧತಿ ಅವರದು. ದಿನವೂ ಅಂಗೈಯ ಲಿಂಗವನ್ನು ಎವೆಯಿಕ್ಕದೆ ನೋಡಿದ ಕಣ್ಣು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂರುವ ಕೊನೆಯ ಹೊತ್ತಿಗೆ ಇಲ್ಲವೆಂದರೆ ಹೇಗೆ ಎಂದು ಹಿರಿಯ ಸೊಸೆ ಕೇಳಿದ್ದಳಂತೆ. ಕ್ರಿಯೆಗೆ ಬಂದ ಅಯ್ಯನವರು, “ಈ ಕಣ್ಣಿಂದ ಇನ್ನೊಬ್ಬರು ಏನು ನೋಡಿದರೂ ಅದು ಲಿಂಗಪೂಜೀನ ಐತವ್ವ” ಎಂದರಂತೆ. ಭಟ್ಟರ ಗೋಲಕದಂತೆಯೇ ಇದೂ ಜಗಲಿಯಲ್ಲಿ ನಿಂತು ಕೊಟ್ಟ ತೀರ್ಪು.

ಜೈನರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ದೇಹವನ್ನೂ ಪರಿಗ್ರಹವೆಂದು, ಬಿಡಬೇಕಾದ ಸೊತ್ತೆಂದು ಕಾಣಬಲ್ಲವರು ಕಣ್ಣು ಕೊಡುವುದರಲ್ಲಿ ಎಂದೂ ಹಿಂದುಳಿದವರಲ್ಲ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು 1967ರಲ್ಲಿ ಕಸಿಯನ್ನು ನರಭಕ್ಷಣೆಗೆ ಹೋಲಿಸಿ ದೂರವಿಟ್ಟು, 1980ರಲ್ಲಿ ಅದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು ಎಂದರು, ರಕ್ತ ಮಾತ್ರ ಇಂದಿಗೂ ಕೂಡದು. ಕೇರಳದ ಪಾಲಾ ಧರ್ಮಪ್ರಾಂತ್ಯದ ಸಹಾಯಕ ಬಿಷಪ್ ಜೇಕಬ್ ಮುರಿಕ್ಕನ್ 2016ರಲ್ಲಿ ತಮ್ಮ ಒಂದು ಮೂತ್ರಪಿಂಡವನ್ನು ಹಿಂದೂ ಯುವಕನೊಬ್ಬನಿಗೆ ಕೊಟ್ಟರು.

ಬಿಷಪ್ಪರ ಸುದ್ದಿ ದೇಶವೆಲ್ಲ ಹರಡಿದ್ದು ನ್ಯಾಯವೇ. ಆದರೆ ಬದುಕಿದ್ದಾಗಲೇ ಕೊಡುವವರಲ್ಲಿ ಐವರಿಗೆ ನಾಲ್ವರು ಹೆಂಗಸರ ಪಾಲು ಎಂದು 1995ರಿಂದ 2021ರವರೆಗಿನ ರಾಷ್ಟ್ರೀಯ ಅಂಕಿಅಂಶಗಳು ಹೇಳುತ್ತವೆ. ಪಡೆಯುವವರಲ್ಲಿ ಲೆಕ್ಕ ತಿರುಗುಮುರುಗು. ಗಂಡನಿಗೆ ಹೆಂಡತಿ, ಮಗನಿಗೆ ತಾಯಿ, ತಮ್ಮನಿಗೆ ಅಕ್ಕ. ನಮ್ಮ ಬೀದಿಯಲ್ಲಿಯೇ ಮಗನಿಗೆ ಮೂತ್ರಪಿಂಡ ಕೊಟ್ಟ ತಾಯಿಯೊಬ್ಬರಿದ್ದಾರೆ. ಶಸ್ತ್ರಚಿಕಿತ್ಸೆಗೆ ಮುಹೂರ್ತ ಕೇಳಿಕೊಂಡು ಬಂದರು, ಹರಕೆ ಹೊತ್ತರು. ಆದರೆ ಆ ತಾಯಿ ಕೊಡುವುದಕ್ಕೆ ಶಾಸ್ತ್ರದ ಒಪ್ಪಿಗೆ ಇದೆಯೇ, ಬದುಕಿರುವ ದೇಹಕ್ಕೆ ಊನ ಬಂದರೆ ಅವರ ಮಡಿ, ವ್ರತಗಳ ಗತಿಯೇನು ಎಂದು ಯಾರೂ ಯಾವ ಭಟ್ಟರನ್ನೂ ಕೇಳಲಿಲ್ಲ. ಸತ್ತ ಗಂಡಸಿನ ಕಣ್ಣಿಗೆ ವೇದಮಂತ್ರ ಅಡ್ಡಬಂತು, ಬದುಕಿರುವ ಹೆಂಗಸಿನ ಮೂತ್ರಪಿಂಡಕ್ಕೆ ಏನೂ ಅಡ್ಡಬರಲಿಲ್ಲ. ಆ ಮನೆಯಲ್ಲಿ ಅದನ್ನು ದಾನವೆಂದು ಕರೆದದ್ದನ್ನೂ ನಾನು ಕೇಳಿಲ್ಲ.

ದಾನ ಎಂಬ ಪದವನ್ನು ನಾವು ತುಸು ಸಲೀಸಾಗಿ ಬಳಸುತ್ತೇವೆ. ಧರ್ಮಶಾಸ್ತ್ರದಲ್ಲಿ ಕೊಡುವವನಿಗೆ ಪುಣ್ಯವಾದರೆ ತೆಗೆದುಕೊಳ್ಳುವವನಿಗೆ ಹೊರೆ. ಸಾವಿನ ಸಂಬಂಧದ ದಾನಗಳನ್ನು ಪ್ರತಿಗ್ರಹಿಸುವವರು ಅದಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾರೆ. ಶಯ್ಯಾದಾನ ಹಿಡಿಯುವವರು ಸಿಗುವುದೇ ಕಷ್ಟ. ಹಾಗಾದರೆ ಸತ್ತವನ ಅಂಗವನ್ನೇ ಪಡೆದವನು ಆ ಹೊರೆಯನ್ನು ಎಲ್ಲಿ ಇಳಿಸಬೇಕು? ಧಾರ್ಮಿಕ ಚರ್ಚೆಗಳೆಲ್ಲ ಕೊಡುವವರ ಸುತ್ತ ಸುತ್ತುತ್ತವೆ, ಪಡೆದವರನ್ನು ಕೇಳುವುದಿಲ್ಲ. ನನಗೆ ಪರಿಚಯವಿರುವ ನಿವೃತ್ತ ಮೇಷ್ಟ್ರೊಬ್ಬರು ಮೈಸೂರಿನಲ್ಲಿದ್ದಾರೆ. ವರ್ಷಗಟ್ಟಲೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸಿಕೊಂಡು, ರಾಜ್ಯದ ಅಂಗಾಂಗ ಹಂಚಿಕೆ ಸಂಸ್ಥೆಯಾದ ಜೀವಸಾರ್ಥಕತೆಯ ಸರದಿಯಲ್ಲಿ ಹೆಸರು ಬರೆಸಿ ಕಾದು, ಒಂದು ನಡುರಾತ್ರಿ ಕರೆ ಬಂದು ಮೂತ್ರಪಿಂಡ ಪಡೆದವರು. ರಕ್ತದ ಗುಂಪನ್ನು, ಸರದಿಯನ್ನು ನೋಡಿ ಹಂಚುವ ಆ ಪಟ್ಟಿಯಲ್ಲಿ ಜಾತಿಮತಗಳ ಕಾಲಂ ಇಲ್ಲ, ಕೊಟ್ಟವರು ಯಾರೆಂದು ಪಡೆದವರಿಗೆ ತಿಳಿಸುವುದೂ ಇಲ್ಲ.

ಕಳೆದ ಮಹಾಲಯ ಅಮಾವಾಸ್ಯೆಯಂದು ನಾನು ಅವರ ಮನೆಯಲ್ಲಿದ್ದೆ. ತರ್ಪಣ ಮುಗಿಯುವವರೆಗೂ ಉಪವಾಸ. ಬೆಳಿಗ್ಗೆ ಎಂಟಕ್ಕೆ ನುಂಗಬೇಕಾದ ಮಾತ್ರೆಯನ್ನು ಮಾತ್ರ ನೀರಿನೊಡನೆ ನುಂಗಿದರು, ಔಷಧದಿಂದ ವ್ರತ ಕೆಡುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ತಂದೆ, ತಾತ, ಮುತ್ತಾತ, ತಾಯಿಯ ಕಡೆಯವರು, ಕಾರುಣ್ಯ ಪಿತೃಗಳು ಎಂದು ಒಬ್ಬೊಬ್ಬರಿಗೂ ಎಳ್ಳುನೀರು ಬಿಟ್ಟಾದ ಮೇಲೆ ಪುರೋಹಿತರು ಪುಸ್ತಕ ಮಡಚದೆ ಕಾದರು. ಇದು ಆ ಮನೆಯ ರೂಢಿಯಿರಬೇಕು. ಹೆಸರು ತಿಳಿಯದು ಎಂದು ಮೇಷ್ಟ್ರು ಅಜ್ಞಾತನಾಮಧೇಯಸ್ಯ ಎಂದರು. ಗೋತ್ರ ತಿಳಿಯದವರಿಗೆಲ್ಲ ಹೇಳುವಂತೆ ಕಾಶ್ಯಪ ಗೋತ್ರ ಎಂದರು. ಕೊಟ್ಟವನು ಮುಸ್ಲಿಮನೋ ಕ್ರೈಸ್ತನೋ ಆಗಿದ್ದರೆ ಎಂದು ನಾನು ಆಮೇಲೆ ಎಲೆಯ ಮುಂದೆ ಕೂತಾಗ ಕೇಳಿದೆ. ಮೇಷ್ಟ್ರು ಪುರೋಹಿತರ ಕಡೆ ನೋಡಿದರು. ಅವರು ಪಾಯಸಕ್ಕೆ ಕೈಹಾಕಿದವರು, “ಕಾಶ್ಯಪರಿಗೆ ಮಕ್ಕಳು ಬಹಳ” ಎಂದು ಊಟ ಮುಂದುವರಿಸಿದರು.